ಮಾಳಿಗೆ ಮನೆಗೆ ದುಡ್ಡು ಕೊಡುವವರು ಯಾರು?

ಗೌರಸಮುದ್ರದ ನಮ್ಮ ಮನೆಗೆ ನೂರು ವರ್ಷ ದಾಟಿದೆ ಎಂದು ಅಪ್ಪ ಹೇಳುತ್ತಿದ್ದರು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮರದ ಕಂಬ, ತೊಲೆ, ಜಂತೆ, ಮೇಲೆ ಮಣ್ಣಿನ ಮಾಳಿಗೆ. ಚಳ್ಳಕೆರೆ ಸೀಮೆಯ ಬಿಸಿಲು ನಿಮಗೆ ಗೊತ್ತಲ್ಲ, ಅಂಥ ಬಿಸಿಲಲ್ಲೂ ನಡುಮನೆ ತಂಪು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಚೌಳು ಮಣ್ಣು ಹಾಕಿ ತುಳಿಸಬೇಕು. ನೀರು ಬಿದ್ದಾಗ ಆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಈಗ ಆ ಕೆಲಸ ಬಲ್ಲ ಆಳುಗಳೇ ಸಿಗುವುದಿಲ್ಲ. ಮೂರು ವರ್ಷದ ಹಿಂದೆ ಹಿತ್ತಿಲ ಕಡೆಯ ಎರಡು ಅಂಕಣ ಕುಸಿದವು. ಮೇಸ್ತ್ರಿ ಆರು ಲಕ್ಷದ ಲೆಕ್ಕ ಕೊಟ್ಟ.

ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಒಳಗಿದ್ದವನು ಈಗ ಹೊರಗೆ ನಿಂತೆ. "ಮಣ್ಣಿನ ಕಟ್ಟಡಕ್ಕೆ ಬೆಲೆ ಕಟ್ಟಲಾಗದು ಸರ್, ನಿವೇಶನಕ್ಕೆ ಮಾತ್ರ. ಖಾತೆಯೂ ನಿಮ್ಮ ತಾತನ ಹೆಸರಲ್ಲಿದೆ. ಕೆಡವಿ ಆರ್‌ಸಿಸಿ ಹಾಕುವುದಾದರೆ ನೋಡೋಣ" ಎಂದರು ಅಧಿಕಾರಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಾರಿದರೆ ಎಷ್ಟು ಬರುತ್ತದೆ ಎಂದು ನೋಡಿಯೇ ಬ್ಯಾಂಕು ಸಾಲ ಕೊಡುವುದು.

ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯವರಿಗೆ 1.20 ಲಕ್ಷ ರೂಪಾಯಿ ಸಿಗುತ್ತದೆ, ನಿಜ. ಆದರೆ ಅದು ಸೂರಿಲ್ಲದವರಿಗೆ, ಹೊಸ ಮನೆ ಕಟ್ಟಲು. ಪಿಂಚಣಿ ಪಡೆಯುವವನು ಅದಕ್ಕೆ ಕೈಯೊಡ್ಡುವುದು ಸರಿಯೂ ಅಲ್ಲ. ಹಳೆಯ ದೇವಸ್ಥಾನವಾದರೆ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಇದೆ. ದೊಡ್ಡವರ ಮನೆಯಾದರೂ ದಾರಿ ಉಂಟು: ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದಾಗ ಜನ ದನಿಯೆತ್ತಿದರು. ಅದು ದುರಸ್ತಿಯಾಗಿ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ನಮ್ಮ ತಾತ ಕಾದಂಬರಿ ಬರೆಯಲಿಲ್ಲ, ಶೇಂಗಾ ಬೆಳೆದರು!

ಹಾಗಾಗಿ ಮೊದಲು ಕಾಗದ ಸರಿಮಾಡಿಸಿದೆ. ನಾಡಕಚೇರಿಯಲ್ಲಿ ವಂಶವೃಕ್ಷ, ಪಂಚಾಯಿತಿಯಲ್ಲಿ ವಾರಸುದಾರರ ಹೆಸರಿಗೆ ಖಾತೆ, ಆಮೇಲೆ ಇ-ಸ್ವತ್ತು. ಎಂಟು ತಿಂಗಳು ಹಿಡಿಯಿತು. ಸಹಿಗೆಂದು ನಾಲ್ವರು ಒಡಹುಟ್ಟಿದವರು ಸೇರಿದಾಗ ತಮ್ಮ "ಮಾರಿಬಿಡೋಣ" ಎಂದ. ಯಾರೂ ಮಾತಾಡಲಿಲ್ಲ. ಕೊನೆಗೆ ತಂಗಿ, "ನನ್ನ ಎರಡು ಹೆರಿಗೆಯೂ ಆ ಕೋಣೆಯಲ್ಲೇ ಆದದ್ದು. ನನ್ನ ಪಾಲಿನ ದುಡ್ಡು ತಗೊಳ್ಳಿ" ಎಂದಳು. ತಮ್ಮ ತಲೆ ತಗ್ಗಿಸಿಕೊಂಡೇ ಸಹಿ ಹಾಕಿದ.

ಜಂಟಿ ಖಾತೆ ತೆರೆದೆವು. ಅವರವರ ಶಕ್ತಿಯಷ್ಟು ಹಾಕಿದರು. ಪ್ರತಿ ರಸೀದಿಯನ್ನೂ ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಿದೆ. ಲೆಕ್ಕ ಮುಚ್ಚಿಟ್ಟರೆ ಎರಡನೇ ಕಂತು ಬರುವುದಿಲ್ಲ, ನೆನಪಿಡಿ. ಕೆಲಸವನ್ನೂ ಕಂತಿನಲ್ಲೇ ಮಾಡಿಸಿದೆವು: ಮೊದಲು ಮಾಳಿಗೆ, ಆಮೇಲೆ ಗೋಡೆ. ಮೊಮ್ಮಗಳು "ಸಿಮೆಂಟು ಯಾಕೆ ಬೇಡ ತಾತ?" ಎಂದು ಕೇಳಿದಳು. ಮಣ್ಣಿನ ಗೋಡೆ ತೇವ ಹೀರುತ್ತದೆ, ಬಿಡುತ್ತದೆ. ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗೋಡೆ ಉದುರುತ್ತದೆ. ಅದಕ್ಕೇ ಸುಣ್ಣದ ಗಾರೆ.

ಇಲ್ಲಿಯವರೆಗೆ 4 ಲಕ್ಷ 10 ಸಾವಿರ ಖರ್ಚಾಗಿದೆ. ಒಂದು ಅಂಕಣ ಇನ್ನೂ ಬಾಕಿ. ಈ ಸಲದ ಮಾರಮ್ಮನ ಜಾತ್ರೆಗೆ ಎಲ್ಲರೂ ಅಲ್ಲೇ ಒಲೆ ಹಚ್ಚಿದೆವು. ಊಟವಾದ ಮೇಲೆ ತಮ್ಮ ಮಾಳಿಗೆ ಹತ್ತಿ, ಬರುವ ವರ್ಷ ಎಷ್ಟು ಗಾಡಿ ಚೌಳು ಮಣ್ಣು ಬೇಕಾದೀತೆಂದು ಹೆಜ್ಜೆಯಲ್ಲೇ ಅಳೆಯುತ್ತಿದ್ದ.