ಝ್ಯಾಕ್ ಸಾಯುತ್ತಾನೆ

ಮಂಡಗದ್ದೆಯ ಮಳೆಗಾಲದಲ್ಲಿ ಪುರುಸೊತ್ತಿಲ್ಲದವರು ಇಬ್ಬರೇ. ತುಂಗೆಯ ನಡುಗಡ್ಡೆಯಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳದು ಒಂದು ಪಂಗಡ. ಅಡಿಕೆ ಮರ ಹತ್ತಿ ಕೊಳೆ ಔಷಧಿ ಹೊಡೆಯುವವರದು ಇನ್ನೊಂದು. ಉಳಿದವರು ಜಗಲಿಯಲ್ಲಿ ಕೂತು ಕರೆಂಟು ಕಾಯುತ್ತಾರೆ. ಅಪ್ಪ ಸುದ್ದಿ ನೋಡಲಿಕ್ಕೆ ಕಾಯುತ್ತಿದ್ದರು, ಅಮ್ಮ ಮಿಕ್ಸಿಗೆ, ನಾನು ಪಿಎಸ್‌ಪಿ ಚಾರ್ಜ್ ಮಾಡಲಿಕ್ಕೆ.

ಪಿಎಸ್‌ಪಿ ನನ್ನದಲ್ಲ, ಅತ್ತೆ ಮಗನದು. ಬೆಂಗಳೂರಿನ ಕಂಪನಿಯವರು ಅವನನ್ನು ಆನ್‌ಸೈಟ್ ಎಂದು ವಿಮಾನ ಹತ್ತಿಸಿದಾಗ, ಹಳೇ ಅಂಗಿಗಳ ಜೊತೆ ಅದನ್ನೂ ನಮ್ಮ ಮನೆಗೆ ದಾಟಿಸಿ ಹೋಗಿದ್ದ. ಸೋನಿಯವರು 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಟ್ಟ, ಕೈಯಲ್ಲಿ ಹಿಡಿದು ವಿಡಿಯೊ ಗೇಮ್ ಆಡುವ ಯಂತ್ರ ಅದು. 4.3 ಇಂಚಿನ ಪರದೆ, ಎಡಗಡೆ ಹೆಬ್ಬೆರಳಿಗೊಂದು ಗುಂಡಿ, ಬೆನ್ನಿನಲ್ಲಿ ಪ್ಲಾಸ್ಟಿಕ್ ಗೂಡಿನೊಳಗೆ ತಿರುಗುವ ಯುಎಂಡಿ ಎಂಬ ಪುಟಾಣಿ ಡಿಸ್ಕು. ಆಟ ಯಾವುದಾದರೂ ದೊಡ್ಡ ದೃಶ್ಯಕ್ಕೆ ಸಿದ್ಧವಾಗುತ್ತಿದೆ ಎಂದರೆ ಪರದೆಗಿಂತ ಮೊದಲು ಅಂಗೈಗೆ ಗೊತ್ತಾಗುತ್ತಿತ್ತು, ಡಿಸ್ಕು ಕಿರ್ರೆಂದು ಓಡತೊಡಗುತ್ತಿತ್ತು. ಕೊಳೆ ಔಷಧಿಗೆ ಮೈಲುತುತ್ತ ಕಲಸಿ ಬಂದ ದಿನ ಎಷ್ಟು ತೊಳೆದರೂ ಕೈಯಿಂದ ಹೋಗದ ನೀಲಿ ಆ ಹೆಬ್ಬೆರಳ ಗುಂಡಿಯ ಕಚ್ಚುಗಳಲ್ಲಿ ಕೂತಿತ್ತು. ಈಗಲೂ ಇದೆ.

ಒಳಗಿದ್ದ ಡಿಸ್ಕು ಒಂದೇ: ‘ಕ್ರೈಸಿಸ್ ಕೋರ್: ಫೈನಲ್ ಫ್ಯಾಂಟಸಿ ಸೆವೆನ್’. 2007ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲೂ ಮರುವರ್ಷ ಹೊರದೇಶಗಳಲ್ಲೂ ಬಂದ ಆಟ. 1997ರ ‘ಫೈನಲ್ ಫ್ಯಾಂಟಸಿ ಸೆವೆನ್’ ಎಂಬ ಮಹಾ ಆಟ ಶುರುವಾಗುವ ಮುಂಚೆ ನಡೆದ ಕಥೆ ಇದರದು. ಆ ಮೂಲ ಆಟ ಮೊದಲು ಬಂದದ್ದು ಪ್ಲೇಸ್ಟೇಷನ್‌ಗೆ. ನಮ್ಮಲ್ಲಿ ಇದ್ದದ್ದು ಅಡಿಕೆ ಬೇಯಿಸುವ ಹಂಡೆ. ಹಾಗಾಗಿ ನಾನು ಮುಂದಿನದು ಗೊತ್ತಿಲ್ಲದೆ ಹಿಂದಿನ ಕಥೆಗೆ ಇಳಿದೆ. ಲೋಕದ ಬಹುಪಾಲು ಜನ ಆಡಿದ ಆಟ ಒಂದು, ನಾನು ಆಡಿದ್ದು ಇನ್ನೊಂದು.

ಏಕೆಂದರೆ ಅವರಿಗೆಲ್ಲ ಮೊದಲ ನಿಮಿಷದಿಂದಲೇ ಗೊತ್ತಿತ್ತು, ಝ್ಯಾಕ್ ಸಾಯುತ್ತಾನೆ ಎಂದು.

ಈ ಆಟದ ನಾಯಕ ಝ್ಯಾಕ್ ಮೂಲ ಆಟದಲ್ಲಿ ಮೂಲೆಯ ಪಾತ್ರ. ಅವನು ಸತ್ತ ಬಗೆ ಗೊತ್ತಾಗಬೇಕಾದರೆ ಆಟದ ನಡುವೆ ನಿಬಲ್‌ಹೈಮ್ ಎಂಬ ಊರಿನ ಹಳೇ ಬಂಗಲೆಯ ನೆಲಮಾಳಿಗೆಗೆ ತಾವಾಗಿ ಹಿಂತಿರುಗಿ ಹೋಗಬೇಕು. ಹೋಗದಿದ್ದರೆ ಆಟ ಮುಗಿಯುತ್ತದೆ, ಅವನ ಸಾವು ಕಣ್ಣಿಗೇ ಬೀಳುವುದಿಲ್ಲ. ಆ ಚೂರು ದೃಶ್ಯವನ್ನು ಎಳೆದು, ಹಿಗ್ಗಿಸಿ, ನಿರ್ದೇಶಕ ಹಾಜಿಮೆ ತಬಾಟಾ ಮತ್ತು ಕಥೆಗಾರ ಕಝುಶಿಗೆ ನೊಜಿಮಾ ಇಡೀ ಆಟ ಮಾಡಿದರು. ಕೊನೆ ಬದಲಿಸುವ ಹಾಗಿಲ್ಲ, ಮುಚ್ಚಿಡುವ ಹಾಗೂ ಇಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಗಂಟೆಗಟ್ಟಲೆ ಹೇಗೆ ಆಡಿಸುವುದು?

ಮಲೆನಾಡಿನವರಿಗೆ ಇದೊಂದು ಪ್ರಶ್ನೆಯೇ ಅಲ್ಲ. ನಮ್ಮಜ್ಜ ಬೇಸಿಗೆಯಲ್ಲಿ ಯಾವ ಮೇಳದ ಆಟ ಎಲ್ಲಿದ್ದರೂ ಟಾರ್ಚು ಹಿಡಿದು ಹೊರಡುತ್ತಿದ್ದರು. ‘ಅಭಿಮನ್ಯು ಕಾಳಗ’ವನ್ನು ಅವರು ಎಷ್ಟು ಬಾರಿ ನೋಡಿದ್ದರೋ. ಈ ಸಲವಾದರೂ ಹುಡುಗ ಚಕ್ರವ್ಯೂಹದಿಂದ ಹೊರಗೆ ಬರುತ್ತಾನೇನೋ ಎಂದು ಯಾರೂ ಬಯಲಾಟಕ್ಕೆ ಹೋಗುವುದಿಲ್ಲ. ಪ್ರವೇಶದ ಕುಣಿತ ಹೇಗಿತ್ತು, ಸುಭದ್ರೆಯ ಎದುರು ಮಾತು ಹೇಗೆ ತೂಗಿದ, ಚಂಡೆ ಏರಿದಾಗ ಕಾಲು ಸೋತಿತೇ: ಮರುದಿನ ತೋಟದಲ್ಲಿ ನಡೆಯುವ ವಿಮರ್ಶೆ ಇಷ್ಟೇ. ನಾನು ಆಟ ಮುಗಿಸಿದ ರಾತ್ರಿ ಮಂಕಾಗಿ ಕೂತದ್ದನ್ನು ನೋಡಿ ಅಜ್ಜ ಏನೆಂದು ಕೇಳಿದರು. ನಾಯಕ ಸತ್ತ ಎಂದೆ. ‘ಹೌದಾ, ಹ್ಯಾಗೆ ಸತ್ತ?’ ಎಂದು ಕವಳದ ತಟ್ಟೆ ಹತ್ತಿರಕ್ಕೆಳೆದುಕೊಂಡರು. ಹೇಳಿದೆ. ಪೂರಾ ಕೇಳಿ, ‘ಪರವಾಗಿಲ್ಲ, ಒಳ್ಳೇ ಪ್ರಸಂಗವೇ’ ಎಂದರು.

ಹಿಂದಿನ ಕಥೆ ಆಮೇಲೆ ಬರುವುದೂ ನಮಗೆ ಹೊಸದಲ್ಲ. ತೀರ್ಥಹಳ್ಳಿ ಸೀಮೆಯ ದೊಡ್ಡ ಕಾದಂಬರಿಗಳು ಹಾಗೆ ಹಿಂದುಮುಂದಾಗಿಯೇ ಬಂದವು. ಕುವೆಂಪು ‘ಕಾನೂರು ಹೆಗ್ಗಡಿತಿ’ ಬರೆದದ್ದು 1936ರಲ್ಲಿ, ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ. ಆಮೇಲೆ ಬರೆದ ಕಥೆ ನಡೆಯುವುದು ಮೊದಲಿನದಕ್ಕಿಂತ ಹಿಂದೆ, ವಿವೇಕಾನಂದರು ಚಿಕಾಗೋದಲ್ಲಿ ಮಾತಾಡಿದ ಕಾಲದಲ್ಲಿ. ಇನ್ನು 2022ರ ‘ಕಾಂತಾರ’ದ ಹಿಂದಿನ ಕಥೆ ‘ಚಾಪ್ಟರ್ 1’ ಎಂದು 2025ರ ಅಕ್ಟೋಬರಿನಲ್ಲಿ ಬಂದಾಗ ಶಿವಮೊಗ್ಗದ ಟಾಕೀಸಿನ ಸಾಲಿನಲ್ಲಿ ಯಾರೂ ತಲೆ ಕೆರೆದುಕೊಳ್ಳಲಿಲ್ಲ.

ಈಗ ಆಟದ ಗುಣದೋಷ. ದೋಷಗಳೇ ಮೊದಲು. ‘ಕ್ರೈಸಿಸ್ ಕೋರ್’ನಲ್ಲಿ 300 ಮಿಷನ್‌ಗಳಿವೆ, ಅವುಗಳಲ್ಲಿ ಬಹುಪಾಲು ಒಂದೇ ಗುಹೆ, ಒಂದೇ ಬಯಲು, ಬಣ್ಣ ಬದಲಿಸಿದ ಅದೇ ಮೃಗಗಳು. ಒಂದೊಂದೂ ಕೆಲವೇ ನಿಮಿಷದ್ದಾದ್ದರಿಂದ ತೀರ್ಥಹಳ್ಳಿ ಬಸ್ಸಿನಲ್ಲಿ, ಪಂಪ್‌ಸೆಟ್ಟಿನ ಪಕ್ಕದಲ್ಲಿ ಆಡಲು ಚೆನ್ನ. ಯಾರಾದರೂ ಕರೆದರೆ ಸ್ವಿಚ್ಚು ಮೇಲಕ್ಕೆ ತಳ್ಳಿದರಾಯಿತು, ಯಂತ್ರ ಇದ್ದಲ್ಲೇ ನಿದ್ದೆ ಹೋಗುತ್ತದೆ. ಆದರೆ ಮನೆಯಲ್ಲಿ ಕೂತು ಸಾಲಾಗಿ ಆಡಿದರೆ ಅಡಿಕೆ ಸುಲಿಯುವುದೇ ವಾಸಿ ಎನ್ನಿಸುತ್ತದೆ. ಕಾಳಗದಲ್ಲಿ ಕತ್ತಿ ಬೀಸುವ ಗುಂಡಿ ಒಂದೇ, ಅದನ್ನೇ ಗುದ್ದುತ್ತಿದ್ದರೆ ಅರ್ಧ ಆಟ ಸಾಗುತ್ತದೆ. ಜೆನಸಿಸ್ ಎಂಬ ಖಳನಿದ್ದಾನೆ, ಜಪಾನಿನ ಗಾಯಕ ಗಾಕ್ಟ್‌ನ ಮುಖವನ್ನೂ ದನಿಯನ್ನೂ ಎರವಲು ಪಡೆದವನು. ‘ಲವ್‌ಲೆಸ್’ ಎಂಬ ಕಾವ್ಯದ ಸಾಲು ಹೇಳದೆ ಅವನು ಬಾಗಿಲೂ ತೆಗೆಯುವುದಿಲ್ಲ. ಅರ್ಥಗಾರಿಕೆಯಲ್ಲಿ ಇಂಥವರಿಗೆ ಭಾಗವತರು ನಡುವೆ ತಾಳ ಹಾಕಿ ಮುಗಿಸಲು ಸೂಚಿಸುತ್ತಾರೆ. ಇಲ್ಲಿ ಆ ಸೌಕರ್ಯ ಇಲ್ಲ.

ಆದರೆ ಪರದೆಯ ಎಡ ಮೂಲೆಯಲ್ಲಿ ಒಂದು ವಿಚಿತ್ರ ಇದೆ. ಜಾತ್ರೆಯ ಜೂಜಿನ ಯಂತ್ರದ ಹಾಗೆ ಮೂರು ಚಕ್ರಗಳು ಕಾಳಗದುದ್ದಕ್ಕೂ ತಮ್ಮ ಪಾಡಿಗೆ ತಿರುಗುತ್ತಿರುತ್ತವೆ. ‘ಡಿಜಿಟಲ್ ಮೈಂಡ್ ವೇವ್’ ಎಂದು ಅದರ ಹೆಸರು. ಚಕ್ರದ ಮೇಲಿರುವುದು ಝ್ಯಾಕ್‌ನ ಬದುಕಿಗೆ ಬಂದವರ ಮುಖ: ಗುರು ಏಂಜೀಲ್, ಗೆಳೆಯ ಕ್ಲೌಡ್, ಹೂ ಮಾರುವ ಏರಿಸ್. ಒಂದೇ ಮುಖ ಮೂರು ಸಲ ಸಾಲಾಗಿ ನಿಂತರೆ ಆ ಮನುಷ್ಯನ ನೆನಪಿನ ಬಲದಿಂದ ದೊಡ್ಡ ಹೊಡೆತ. ಮೂರು ಏಳು ನಿಂತರೆ ಮಟ್ಟ ಏರುತ್ತದೆ, ಒಳಗೊಳಗೆ ಅನುಭವದ ಲೆಕ್ಕ ನಡೆದೇ ಇರುತ್ತದೆ. ಯಾವಾಗ ಏನು ಬೀಳುತ್ತದೆ ಎಂಬುದು ಆಡುವವನ ಕೈಯಲ್ಲಿಲ್ಲ. ಆಡುವ ಆಟದಲ್ಲಿ ಇದೆಂಥ ಅದೃಷ್ಟದ ಚಾಳಿ ಎಂದು ವಿಮರ್ಶಕರು ಗೊಣಗಿದ್ದುಂಟು. ನಾನೂ ತಿಂಗಳುಗಟ್ಟಲೆ ಗೊಣಗಿದೆ.

ನಡುವೆ ಒಂದು ದೃಶ್ಯ ಬರುತ್ತದೆ. ಹಿಮದಲ್ಲಿ ನಡೆಯುತ್ತಾ ಝ್ಯಾಕ್ ಮತ್ತು ಕ್ಲೌಡ್ ಊರು ಕೇಳಿಕೊಳ್ಳುತ್ತಾರೆ. ಇವನದು ಗೊಂಗಾಗಾ, ಅವನದು ನಿಬಲ್‌ಹೈಮ್, ಎರಡೂ ಕುಗ್ರಾಮ. ಎರಡು ಊರಿನಲ್ಲೂ ಭೂಮಿಯ ಜೀವರಸ ಹೀರಿ ಕರೆಂಟು ಮಾಡುವ ಶಿನ್ರಾ ಕಂಪನಿಯ ಸ್ಥಾವರ. ಸ್ಥಾವರ ಇರುವ ಊರಲ್ಲಿ ಅದನ್ನು ಬಿಟ್ಟು ಇನ್ನೇನೂ ಇರುವುದಿಲ್ಲ ಎಂದು ಇಬ್ಬರೂ ನಗುತ್ತಾರೆ. ನಮ್ಮಜ್ಜಿಯ ತವರು ಹೊಸನಗರದ ಕಡೆ. 1964ರಲ್ಲಿ ಲಿಂಗನಮಕ್ಕಿ ಕಟ್ಟು ಮುಗಿದು ಶರಾವತಿ ನಿಂತಾಗ ಗದ್ದೆ, ಮನೆ, ದೇವಸ್ಥಾನ ನೀರಡಿ ಹೋದವು. ಅದಕ್ಕೂ ಮುಂಚೆ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಹೊಸ ಹಿನ್ನೀರಿನಲ್ಲಿ ಮುಳುಗಿತು, ಬೇಸಿಗೆಯಲ್ಲಿ ನೀರಿಳಿದರೆ ಈಗಲೂ ತಲೆ ಎತ್ತುತ್ತದೆ. ಕರೆಂಟು ಹೋದ ರಾತ್ರಿ ಚಿಮಣಿ ದೀಪದ ಪಕ್ಕ ಕೂತು, ಕರೆಂಟಿಗೆ ಮುಳುಗಿದ ಊರಿನ ಮೊಮ್ಮಗ, ಉಳಿದ ಬ್ಯಾಟರಿಯಲ್ಲಿ ಈ ದೃಶ್ಯ ನೋಡಿದ. ತಬಾಟಾ, ನೊಜಿಮಾ ಇಬ್ಬರೂ ಸಾಗರದ ದಾರಿ ಕಂಡವರಲ್ಲ. ಆದರೂ ಆ ಇಬ್ಬರು ಹುಡುಗರ ನಗು ನನಗೆ ಗುರುತಿನದಾಗಿತ್ತು.

ಕೊನೆಗೆ ಬರೋಣ. ಮಿಡ್‌ಗಾರ್ ಪಟ್ಟಣದ ಹೊರಗಿನ ಬಂಡೆಗಾಡು. ಪ್ರಜ್ಞೆಯಿಲ್ಲದ ಕ್ಲೌಡ್‌ನನ್ನು ಮರೆಗೆ ಕೂರಿಸಿ ಝ್ಯಾಕ್ ಒಬ್ಬನೇ ಶಿನ್ರಾ ಸೈನ್ಯದ ಎದುರು ನಿಲ್ಲುತ್ತಾನೆ. ಕತ್ತಿ ಬೀಸುವುದು ನಾವೇ. ಕಡಿದಷ್ಟೂ ಬರುತ್ತಾರೆ. ಆಗ ಮೂಲೆಯ ಚಕ್ರಗಳು ಕೆಡಲು ಶುರುವಾಗುತ್ತವೆ. ಮುಖಗಳು ಒಂದೊಂದಾಗಿ ಅಳಿಸಿಹೋಗುತ್ತವೆ, ಚಕ್ರ ತಡವರಿಸಿ ತಿರುಗುತ್ತದೆ, ಕಡೆಗೆ ಏರಿಸ್ ಒಬ್ಬಳೇ ಉಳಿದು ಅವಳೂ ಸರಿಯಾಗಿ ನಿಲ್ಲುವುದಿಲ್ಲ. ಸಾಯುವವನ ನೆನಪು ಹೋಗುವುದನ್ನು ಯಾರೂ ಮಾತಿನಲ್ಲಿ ಹೇಳುವುದಿಲ್ಲ. ಅಷ್ಟು ದಿನ ನಾನು ಬೈದ ಅದೇ ಯಂತ್ರ, ನನ್ನ ಹೆಬ್ಬೆರಳು ಇನ್ನೂ ಒತ್ತುತ್ತಿರುವಾಗ, ಅದನ್ನು ಮಾಡಿ ತೋರಿಸುತ್ತದೆ. ಸಿನಿಮಾದಲ್ಲಿ ಇದು ಆಗದು. ಕಾದಂಬರಿಯಲ್ಲಿ ಬೇರೆ ಥರ ಆದೀತು. ರಂಗಸ್ಥಳದಲ್ಲಿ ಅಭಿಮನ್ಯುವಿನ ಕಾಲು ಸೋಲುವುದನ್ನು ನಾವು ದೂರದಿಂದ ನೋಡುತ್ತೇವೆ. ಇಲ್ಲಿ ಸೋಲುವುದು ಆಡುವವನ ಕೈ.

2022ರ ಡಿಸೆಂಬರಿನಲ್ಲಿ ‘ರಿಯೂನಿಯನ್’ ಎಂದು ಇದೇ ಆಟ ಹೊಸ ಬಣ್ಣ ಬಳಿದುಕೊಂಡು ಬಂತು. ಅಷ್ಟರಲ್ಲಿ ನನಗೆ ಸಂಬಳ ಬರುತ್ತಿತ್ತು, ಮೂಲ ‘ಸೆವೆನ್’ ಆಡಿ ಮುಗಿಸಿದ್ದೆ. ಈ ಸಲ ಝ್ಯಾಕ್ ನಕ್ಕಾಗಲೆಲ್ಲ ಗಂಟಲು ಹಿಡಿಯಿತು, ಗೊತ್ತಿದ್ದವರು ಮೊದಲಿಂದ ಆಡಿದ ಆಟ ಇದು ಎಂದು ತಿಳಿಯಿತು. ಏರಿಸ್ ಝ್ಯಾಕ್‌ಗೆ ಬರೆದ 89ನೇ ಪತ್ರ, ಅವಳ ಕಡೇ ಪತ್ರ, ಮೊದಲ ಸಲ ಬರೀ ಪತ್ರವಾಗಿತ್ತು, ಈ ಸಲ ಹಾಗಿರಲಿಲ್ಲ. ಚಿತ್ರ ಚೆಂದ, ಕಾಳಗ ಚುರುಕು. ಚಕ್ರದಲ್ಲಿ ಬಿದ್ದ ಹೊಡೆತವನ್ನು ಹಿಡಿದಿಟ್ಟು ಬೇಕಾದಾಗ ಬಿಡುವ ಅನುಕೂಲವನ್ನೂ ಮಾಡಿದ್ದಾರೆ. ನನಗದು ಅಷ್ಟು ಹಿಡಿಸಲಿಲ್ಲ, ವಿಧಿಗೆ ಗುಂಡಿ ಕೊಟ್ಟ ಹಾಗಾಯಿತು. ಆದರೆ ಹಳೆಯದು ಡಿಸ್ಕಿನಲ್ಲಿ ಬಿಟ್ಟರೆ ಬೇರೆ ರೂಪದಲ್ಲಿ ಮಾರಾಟಕ್ಕೆ ಬರಲೇ ಇಲ್ಲವಾದ್ದರಿಂದ, ಈಗ ಆಡುವವರು ಹೊಸದನ್ನೇ ಕೊಳ್ಳಬೇಕು.

ಒಟ್ಟು ಆಟಕ್ಕೆ ಹತ್ತರಲ್ಲಿ ಏಳು ಅಂಕ ಕೊಡುತ್ತೇನೆ, ಕೊನೆಗೆ ಪೂರ್ತಿ ಹತ್ತು. ಮಿಷನ್‌ಗಳನ್ನು ಧಾರಾಳವಾಗಿ ಬಿಟ್ಟುಬಿಡಿ, ಜೆನಸಿಸ್ ಬಾಯಿ ತೆರೆದಾಗ ಕಾಫಿಗೆ ಎದ್ದುಹೋಗಿ. ಕೊನೆಯೊಂದನ್ನು ಮಾತ್ರ ಯೂಟ್ಯೂಬಿನಲ್ಲಿ ನೋಡಿ ಮುಗಿಸಬೇಡಿ, ನೀವೇ ಆಡಿ.