ಲಾಲ್ ದಿಘಿಯ ದಡದಲ್ಲಿ ಮನಸ್ಸಿನ ಅಳತೆ

ಹೌರಾದಲ್ಲಿ ಮೆಟ್ರೊ ಹತ್ತಿದೆ. ಹೂಗ್ಲಿ ನದಿಯ ಅಡಿಯಲ್ಲೇ ನುಗ್ಗಿದ ರೈಲು ನೋಡನೋಡುತ್ತಿದ್ದಂತೆ ಆಚೆ ದಡ ಸೇರಿತ್ತು. ಮಹಾಕರಣ್ ನಿಲ್ದಾಣದ ಮೆಟ್ಟಿಲೇರಿ ಬಂದರೆ ಕೋಲ್ಕತ್ತಾದ ಬಿಬಿಡಿ ಬಾಗ್! ನಡುವೆ ಲಾಲ್ ದಿಘಿಯ ನೀರು, ಪಶ್ಚಿಮಕ್ಕೆ 1868ರ ಜನರಲ್ ಪೋಸ್ಟ್ ಆಫೀಸಿನ ಬಿಳಿ ಗುಮ್ಮಟ, ಉತ್ತರದ ಅಂಚಿಗುಂಟ ಕೆಂಪು ಕೆಂಪಾಗಿ ಹಬ್ಬಿದ ರೈಟರ್ಸ್ ಬಿಲ್ಡಿಂಗ್. 1930ರ ಡಿಸೆಂಬರ್ 8ರಂದು ಬಿನಯ್, ಬಾದಲ್, ದಿನೇಶ್ ಎಂಬ ಮೂವರು ತರುಣರು ಈ ಕಟ್ಟಡಕ್ಕೆ ನುಗ್ಗಿ ಬಂದೀಖಾನೆಗಳ ಮುಖ್ಯಾಧಿಕಾರಿ ಸಿಂಪ್ಸನ್‌ನನ್ನು ಗುಂಡಿಕ್ಕಿ ಕೊಂದರು. ಅಂದು ಡಾಲ್‌ಹೌಸಿ ಚೌಕವಾಗಿದ್ದ ಬಿಬಿಡಿ ಬಾಗ್‌ಗೆ ಇಂದು ಆ ಮೂವರದೇ ಹೆಸರು.

ನಾನು ಅರಸಿ ಬಂದದ್ದು ಇದೇ ಕಟ್ಟಡದ ಇನ್ನೊಂದು ಚರಿತ್ರೆಯನ್ನು. ಜಗತ್ತಿನ ಮೊದಲ ಬೆರಳಚ್ಚು ವಿಭಾಗಗಳಲ್ಲೊಂದು ಹುಟ್ಟಿದ್ದು ಇಲ್ಲಿ, 1897ರಲ್ಲಿ. ಅದಕ್ಕೆ ಮೊದಲು ಅಪರಾಧಿಗಳ ತಲೆ, ತೋಳು, ಪಾದಗಳನ್ನು ಅಳೆದು ಚೀಟಿಯಲ್ಲಿ ಬರೆದಿಡುತ್ತಿದ್ದರು. ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸ್ ಅಧಿಕಾರಿಗಳು ಎಡ್ವರ್ಡ್ ಹೆನ್ರಿಯ ಕೈಕೆಳಗೆ ದುಡಿದು, ಹತ್ತು ಬೆರಳುಗಳ ಗೆರೆಗಳನ್ನು 1024 ಗೂಡುಗಳಲ್ಲಿ ವಿಂಗಡಿಸುವ ಕ್ರಮವನ್ನು ರೂಪಿಸಿದರು. ಲೋಕ ಅದನ್ನು ಹೆನ್ರಿಯ ಹೆಸರಿನಿಂದ ಕರೆಯಿತು. ಬೆವರು ಮಾತ್ರ ಈ ಇಬ್ಬರದು.

ಮರುವರ್ಷವೇ ಜಲಪೈಗುರಿಯ ಚಹಾತೋಟದ ಮ್ಯಾನೇಜರನ ಕೊಲೆ ಮೊಕದ್ದಮೆಯಲ್ಲಿ, ಪಂಚಾಂಗದ ಮೇಲೆ ಮೂಡಿದ್ದ ರಕ್ತದ ಹೆಬ್ಬೆಟ್ಟು ಹಳೆಯ ಸೇವಕನೊಬ್ಬನನ್ನು ಹಿಡಿದುಕೊಟ್ಟಿತು. ಆದರೂ ನ್ಯಾಯಾಲಯ ಶಿಕ್ಷೆ ಕೊಟ್ಟದ್ದು ಕಳವಿಗೆ ಮಾತ್ರ, ಕೊಲೆಗಲ್ಲ. ಮುಟ್ಟಿದ ಕೈ ಯಾರದೆಂದು ಗೆರೆ ಹೇಳಬಲ್ಲದು. ಆ ಯಜಮಾನನಿಗೂ ಸೇವಕನಿಗೂ ನಡುವೆ ಏನಿತ್ತೆಂದು ಅದು ಹೇಳಲಾರದು.

ಇಲ್ಲಿಂದಲೇ ನನ್ನ ಬೆರಗು ಶುರುವಾಯಿತು. ಬೆರಳಚ್ಚಿನ ಮೇಲೆ 1892ರಲ್ಲಿ ಗ್ರಂಥ ಬರೆದ ಫ್ರಾನ್ಸಿಸ್ ಗಾಲ್ಟನ್, 1884ರಷ್ಟು ಹಿಂದೆಯೇ ಮನುಷ್ಯನ ಸ್ವಭಾವವನ್ನು ಅಳೆಯುವುದು ಹೇಗೆಂದು ಪ್ರಬಂಧ ಬರೆದಿದ್ದ. ಪದಕೋಶ ತೆರೆದು, ಗುಣ ಸೂಚಿಸುವ ಮಾತುಗಳು ಸಾವಿರದಷ್ಟಿವೆ ಎಂದು ಅಂದಾಜು ಮಾಡಿದ. ವ್ಯಕ್ತಿತ್ವ ಸಂಶೋಧನೆಯ ಒಂದು ಹೆದ್ದಾರಿ ಅಲ್ಲಿಂದಲೇ ಹೊರಟಿತು: 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಸುಮಾರು 18,000 ಪದಗಳನ್ನು ಪಟ್ಟಿ ಮಾಡಿದರು, ಮುಂದಿನವರು ಅವನ್ನು ಸೋಸಿ ಸೋಸಿ ಐದು ಮುಖ್ಯ ಗುಣಗಳಿಗೆ ಇಳಿಸಿದರು. ಗಾಲ್ಟನ್ ಇನ್ನೂ ಒಂದು ಸಲಹೆ ಕೊಟ್ಟಿದ್ದ. ಊಟದ ಮೇಜಿನಲ್ಲಿ ಪರಸ್ಪರ ಇಷ್ಟಪಡುವವರು ತಿಳಿಯದಂತೆಯೇ ಒಬ್ಬರತ್ತ ಒಬ್ಬರು ವಾಲುತ್ತಾರಲ್ಲ, ಅವರ ಕುರ್ಚಿಗಳ ಕಾಲಿಗೆ ಒತ್ತಡಮಾಪಕ ಜೋಡಿಸಿದರೆ ಹೇಗೆ ಎಂದು!

ಮಧ್ಯಾಹ್ನ ಡೆಕರ್ಸ್ ಲೇನಿನಲ್ಲಿ ಉಣ್ಣುತ್ತಿದ್ದವರನ್ನು ನಾನು ಆ ಕಣ್ಣಿನಿಂದಲೇ ನೋಡಿದೆ. ಇಕ್ಕಟ್ಟಿನ ಬೆಂಚಿನಲ್ಲಿ ಕಚೇರಿಯ ಗುಮಾಸ್ತರು ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಒಬ್ಬರು ತಟ್ಟೆಯನ್ನು ಪಕ್ಕದವರತ್ತ ಸರಿಸುತ್ತಿದ್ದರು, ಇನ್ನೊಬ್ಬರು ಮೈ ಹಿಡಿಯಾಗಿಸಿಕೊಂಡಿದ್ದರು. ಅಬ್ಬಾ, ಎಷ್ಟೊಂದು ಸಂಬಂಧಗಳು ಕಣ್ಣೆದುರೇ ನಡೆಯುತ್ತಿವೆ, ಒಂದೂ ಬೆರಳ ತುದಿಯಲ್ಲಿ ಬರೆದಿಲ್ಲ!

ಅಲ್ಲಿಂದ ರಾಜಾಬಜಾರಿನ ಸೈನ್ಸ್ ಕಾಲೇಜಿಗೆ ಹೋದೆ. ಹಾರ್ವರ್ಡಿನಲ್ಲಿ ಕಲಿತು ಬಂದ ನರೇಂದ್ರನಾಥ ಸೇನ್‌ಗುಪ್ತ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ದೇಶದ ಮೊದಲ ಪ್ರಾಯೋಗಿಕ ಮನೋವಿಜ್ಞಾನ ವಿಭಾಗ ಕಟ್ಟಿದರು. ಪಕ್ಕದ ಪಾರ್ಸಿಬಾಗಾನ್ ಗಲ್ಲಿಯ ತಮ್ಮ ಮನೆಯಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಆರಂಭಿಸಿ, ಫ್ರಾಯ್ಡ್ ಜೊತೆ ವರ್ಷಗಟ್ಟಲೆ ಪತ್ರದಲ್ಲೇ ವಾದಿಸಿದರು. ಪ್ರತಿ ಆಸೆಯ ಬೆನ್ನಿಗೂ ಅದರ ವಿರುದ್ಧದ ಆಸೆ ಅಂಟಿಕೊಂಡಿರುತ್ತದೆ, ಹೊಡೆಯಬೇಕೆನ್ನುವವನೊಳಗೆ ಹೊಡೆಸಿಕೊಳ್ಳುವ ಬಯಕೆಯೂ ಅಡಗಿದೆ ಎಂಬುದು ಅವರ ಸಿದ್ಧಾಂತ. ಒಬ್ಬನ ಮನಸ್ಸನ್ನು ಅರಿಯಲು ಅವನೆದುರಿಗಿರುವವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಈ ಗಲ್ಲಿ ಅಷ್ಟು ಹಿಂದೆಯೇ ಕಂಡುಕೊಂಡಿತ್ತು. 1977ರಲ್ಲಿ ಅಮೆರಿಕದ ಲೆಸ್ಟರ್ ಲುಬೋರ್ಸ್ಕಿ ರೂಪಿಸಿದ ವಿಧಾನ ನನಗೆ ನೆನಪಾಯಿತು. ಚಿಕಿತ್ಸೆಗೆ ಬಂದವರು ತಮ್ಮವರ ಬಗ್ಗೆ ಹೇಳುವ ಪ್ರಸಂಗಗಳನ್ನು ಬರೆದುಕೊಂಡು, ಪ್ರತಿಯೊಂದರಲ್ಲೂ ಮೂರನ್ನು ಗುರುತಿಸುತ್ತಾರೆ: ನಾನು ಬಯಸಿದ್ದೇನು, ಅವರು ಮಾಡಿದ್ದೇನು, ಆಗ ನಾನೇನಾದೆ. ಅಪ್ಪನ ಜೊತೆ, ಗಂಡನ ಜೊತೆ, ಮೇಲಧಿಕಾರಿಯ ಜೊತೆ ಮತ್ತೆ ಮತ್ತೆ ಅದೇ ಮೂರು ಮರುಕಳಿಸಿದರೆ ಅದೇ ಆ ಜೀವದ ಸಂಬಂಧದ ವಿನ್ಯಾಸ.

ಇದೇ ನಗರದ ಪ್ರಶಾಂತಚಂದ್ರ ಮಹಲನೋಬಿಸ್ ದೇಹದ ಅಳತೆಗಳ ಲೆಕ್ಕದಿಂದ ಹೊರಟು 1936ರಲ್ಲಿ ಒಂದು ಹೊಸ ದೂರಮಾಪನ ಕೊಟ್ಟರು. ಒಂದಕ್ಕೊಂದು ತಳುಕು ಹಾಕಿಕೊಂಡ ಹಲವು ಅಳತೆಗಳನ್ನು ಒಟ್ಟಿಗೆ ತೂಗುವ ಸೂತ್ರವದು. ವ್ಯಕ್ತಿತ್ವದ ಪ್ರಶ್ನಾವಳಿಗೆ ಯಾರಾದರೂ ಮನಸ್ಸಿಲ್ಲದೆ ಗೀಚಿದ್ದಾರೆಯೇ ಎಂದು ಪತ್ತೆಹಚ್ಚಲು ಇಂದಿನ ಸಂಶೋಧಕರು ಬಳಸುವ ಉಪಾಯಗಳಲ್ಲಿ ಅದೂ ಒಂದು.

ಮಹಲನೋಬಿಸರನ್ನು ಸಂಖ್ಯಾಶಾಸ್ತ್ರದತ್ತ ಪ್ರೋತ್ಸಾಹಿಸಿದವರಲ್ಲಿ ಬ್ರಜೇಂದ್ರನಾಥ ಸೀಲ್ ಒಬ್ಬರು. ಆ ಹೆಸರು ಕೇಳಿದೊಡನೆ ಮೈಸೂರು ಕಣ್ಣಿಗೆ ಕಟ್ಟಿತು. 1920ರ ದಶಕದಲ್ಲಿ ನಮ್ಮ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಇದೇ ಸೀಲ್! ಅವರ ಕಾಲದಲ್ಲೇ, 1924ರಲ್ಲಿ, ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ ಕಲಿತ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ಮನೋವಿಜ್ಞಾನ ವಿಭಾಗ ತೆರೆದರು. ಮುಂದೆ 1935ರಲ್ಲಿ ತಮ್ಮ ಮನೆಯಲ್ಲೇ ಆಕಾಶವಾಣಿ ಮೊಳಗಿಸಿದವರೂ ಅವರೇ.

ಕರ್ನಾಟಕದಲ್ಲಿ ಮನಸ್ಸನ್ನು ಅಳೆಯುವ ಈ ಕೆಲಸ ಇನ್ನಷ್ಟು ಮನೆಯೊಳಕ್ಕೆ ಬಂತು. 1986ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ಎಸ್. ಭಟ್ಟಿ ಮತ್ತು ಸಂಗಡಿಗರು ಕುಟುಂಬದ ಒಡನಾಟವನ್ನು ಅಳೆಯುವ ಮಾಪನವೊಂದನ್ನು ಪ್ರಕಟಿಸಿದರು. ಮನೆಯಲ್ಲಿ ಮೆಚ್ಚುಗೆ ಹೇಗೆ ಸಿಗುತ್ತದೆ, ಹೊರಗಿನ ಆಸರೆ ಎಷ್ಟಿದೆ, ಯಾರ ಪಾತ್ರ ಯಾವುದು, ಮಾತುಕತೆ ಹೇಗಿದೆ, ಒಗ್ಗಟ್ಟು ಎಂಥದು, ಮುಂದಾಳು ಯಾರು ಎಂದು ಅದು ವಿಚಾರಿಸುತ್ತದೆ. ಒಂದೇ ಮನೆಯಲ್ಲಿ ಸೊಸೆ ಕೊಡುವ ಉತ್ತರ ಅತ್ತೆಯದಕ್ಕಿಂತ ಬೇರೆಯಾಗಬಹುದು. ಆ ಅಂತರವೇ ಚಿಕಿತ್ಸಕರಿಗೆ ಸಿಗುವ ಅಮೂಲ್ಯ ಮಾಹಿತಿ.

ಬೆರಳಚ್ಚಿಗೆ ಒಬ್ಬನೇ ಸಾಕು; ಅವನ ಒಪ್ಪಿಗೆಯೂ ಬೇಕಿಲ್ಲ. ಸ್ವಭಾವದ ಅಳತೆಗೆ ಕೇಳುವವರು ಬೇಕು, ನಂಬಿ ಹೇಳುವವರು ಬೇಕು, ಹೇಳುವವರ ಬದುಕಿನಲ್ಲಿ ಬೆರೆತವರೂ ಬೇಕು. ಬೆರಳಗೆರೆ ಸಾಯುವವರೆಗೆ ಬದಲಾಗದೆಂದೇ ಪೊಲೀಸರು ಅದನ್ನು ನೆಚ್ಚಿದರು. ಆದರೆ ಒಡನಾಟ ಬದಲಾಗಬಲ್ಲದು. ಹಾಗೆಂದೇ ಚಿಕಿತ್ಸೆಗೆ ಮೊದಲು ಒಮ್ಮೆ, ಆಮೇಲೆ ಇನ್ನೊಮ್ಮೆ ಅಳೆಯುತ್ತಾರೆ. ಎರಡನೆಯ ಅಂಕಿ ಮೊದಲಿನದಕ್ಕಿಂತ ಒಳ್ಳೆಯದಾಗಲೆಂದು ಹಾರೈಸುತ್ತಲೇ ಅಳೆಯುವ ಈ ವಿಜ್ಞಾನಕ್ಕೆ ನಾನು ಮನಸಾರೆ ಕೈಮುಗಿಯುತ್ತೇನೆ.