ತಡಮೆ ದಾಟುವ ಬೈಸಿಕಲ್ಲು

ಬೈಸಿಕಲ್ಲನ್ನು ಕೊಳ್ಳುವುದು ಎತ್ತನ್ನು ಕೊಳ್ಳುವಷ್ಟೇ ಕಷ್ಟದ ಕೆಲಸವೆಂಬುದನ್ನು ನಾನು ಅರಿತಿರಲಿಲ್ಲ. ನನ್ನ ತೀರ್ಥರೂಪರ ಕಾಲದಲ್ಲಿ ಈ ವಿಷಯವಾಗಿ ವಿಚಾರಮಾಡುವುದಕ್ಕೆ ಆಸ್ಪದವೇ ಇರಲಿಲ್ಲ. ಪುತ್ತೂರಿನ ಅಂಗಡಿಯಲ್ಲಿ ಕರಿಯ ಬಣ್ಣದ ಗಾಡಿಗಳು ಸಾಲಾಗಿ ನಿಂತಿರುತ್ತಿದ್ದುವು. ಗಂಟೆಯನ್ನೊಮ್ಮೆ ಬಾರಿಸಿ ನೋಡಿ, ಹಣವನ್ನೆಣಿಸಿ ಕೊಟ್ಟು, ಮನೆಗೆ ತಂದರಾಯಿತು. ಆ ಗಾಡಿಯ ಮೇಲೆಯೇ ಅವರು ಅಡಿಕೆಯ ಮೂಟೆಯನ್ನು ಪೇಟೆಗೆ ಸಾಗಿಸಿದರು, ನನ್ನನ್ನು ಶಾಲೆಗೆ ಕರೆದೊಯ್ದರು, ಈಗ ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯಕ್ಕೆ ಷಷ್ಠಿಯ ಜಾತ್ರೆಗೂ ಹೋಗಿಬಂದರು. ನಾನಾದರೋ ಮಗಳಿಗೆ ಒಂದು ಬೈಸಿಕಲ್ಲನ್ನು ಆರಿಸುವುದಕ್ಕೆ ಮೂರು ತಿಂಗಳು ತೆಗೆದುಕೊಂಡೆನು.

ಅದಕ್ಕೆ ಕಾರಣವಿತ್ತು. ನಮ್ಮ ಮನೆ ಬೆಳ್ಳಾರೆಯಿಂದ ಒಳಗಡೆ. ಅಂಗಳದಿಂದ ಡಾಮರು ಮಾರ್ಗಕ್ಕೆ ಎರಡು ಕಿಲೋಮೀಟರುಗಳಷ್ಟು ಮುರಕಲ್ಲಿನ ಏರುತಗ್ಗು. ನಡುವೆ ಎರಡು ತಡಮೆಗಳು ಮತ್ತು ತೋಡಿಗೆ ಅಡಿಕೆಮರ ಹಾಸಿದ ಒಂದು ಸಂಕ. ಮಾರ್ಗ ಸಿಕ್ಕಿದ ಮೇಲೆ ಸುಳ್ಯದ ಕಾಲೇಜಿನವರೆಗೆ ಡಾಮರೇ. ಮೂರು ವರ್ಷಗಳ ಹಿಂದೆ ನಾನು ಅಗ್ಗಕ್ಕೆ ಮರುಳಾಗಿ, ಮುಂದೆ ಸ್ಪ್ರಿಂಗುಗಳಿರುವ, ನೋಟಕ್ಕೆ ಬಲು ಠೀವಿಯ ಗಾಡಿಯೊಂದನ್ನು ಆಕೆಗೆ ತಂದುಕೊಟ್ಟಿದ್ದೆನು. ಆಷಾಢದ ಒಂದು ಬೆಳಗ್ಗೆ ಗುಡ್ಡೆಯ ಇಳಿಜಾರಿನಲ್ಲಿ ಕೆಸರು ಮೆತ್ತಿದ ರಿಮ್ಮನ್ನು ಬ್ರೇಕಿನ ರಬ್ಬರು ಹಿಡಿಯಲಿಲ್ಲ. ಮಗಳು ಕಣಿಗೆ ಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ಎರಡು ತಿಂಗಳು ಅವಳಿಗೆ ತಾಯಿಯೇ ತುತ್ತು ಕಲಸಿ ಕೊಡಬೇಕಾಯಿತು. ಆ ದಿನಗಳಲ್ಲಿ ನನ್ನನ್ನು ಯಾರೂ ಆಕ್ಷೇಪಿಸಲಿಲ್ಲ. ಆಕ್ಷೇಪಿಸಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತೋ ಏನೋ.

ಇಷ್ಟಾದರೂ ಹುಡುಗಿಗೆ ಚಕ್ರದ ಮೋಹ ಹೋಗಲಿಲ್ಲ. “ಅಪ್ಪಾ, ದಿನಾಲೂ ಕಾಲೇಜಿಗೂ ಆಗಬೇಕು, ಪಂದ್ಯಕ್ಕೂ ಆಗಬೇಕು. ಎರಡು ಕೇಳುವುದಿಲ್ಲ, ಒಂದೇ ಸಾಕು” ಎಂದಳು. ಅವಳು ಬಯಸಿದ ಜಾತಿಯ ಹೆಸರು ಸೈಕ್ಲೋಕ್ರಾಸ್. ಅದೇನೆಂದು ತಿಳಿಯಲು ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನನ್ನು ಮೊರೆಹೊಕ್ಕೆನು.

ಅವನು ವಿವರಿಸಿದುದನ್ನು ಕೇಳಿ ನನಗೆ ನಗು ಬಂದಿತು. ಫ್ರಾನ್ಸ್, ಬೆಲ್ಜಿಯಮ್ ಮೊದಲಾದ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಜನರು ಕೆಸರು, ಹುಲ್ಲು, ಮರಳುಗಳ ಕಿರಿದಾದ ಸುತ್ತಿನಲ್ಲಿ ಸುಮಾರು ಒಂದು ಗಂಟೆಯ ಕಾಲ ಬೈಸಿಕಲ್ಲನ್ನು ಓಡಿಸುತ್ತಾರಂತೆ. ದಾರಿಗಡ್ಡವಾಗಿ 40 ಸೆಂಟಿಮೀಟರುಗಳವರೆಗಿನ ಎತ್ತರದ ಹಲಗೆಗಳನ್ನು ನೆಟ್ಟಿರುತ್ತಾರೆ. ಅಲ್ಲಿ ಇಳಿದು, ಗಾಡಿಯನ್ನು ಎತ್ತಿ ದಾಟಿ, ಕಡಿದಾದ ದಿಬ್ಬಗಳಲ್ಲಿ ಹೆಗಲಿಗೇರಿಸಿ ಓಡಿ, ಮತ್ತೆ ಹಾರಿ ಕೂರಬೇಕು. ಫ್ರಾನ್ಸಿನಲ್ಲಿ 1902ರಲ್ಲಿಯೇ ಇದರ ರಾಷ್ಟ್ರೀಯ ಸ್ಪರ್ಧೆ ನಡೆದಿತ್ತು. ಅಯ್ಯಾ, ಹಲಗೆಯೆಂದರೆ ನಮ್ಮ ತಡಮೆಯಲ್ಲದೆ ಮತ್ತೇನು? ಮಳೆಗಾಲದಲ್ಲಿ ಸಂಕದ ಮೇಲೆ ಗಾಡಿಯನ್ನು ಹೆಗಲಿಗೇರಿಸಿ, ಪಂಚೆಯನ್ನೆತ್ತಿ ಕಟ್ಟಿ, ಅಡಿಯಿಡುತ್ತಿದ್ದ ತೀರ್ಥರೂಪರನ್ನು ನೆನೆದೆನು. ಅವರಿಗೆ ಯಾರೂ ಪದಕ ಕೊಡಲಿಲ್ಲ. ಪೇಟೆಗೆ ಹೊತ್ತಾಯಿತೆಂಬ ಚಿಂತೆಯೊಂದೇ ಅವರಿಗಿತ್ತು.

ಆದರೆ ನಗುವಿನಿಂದ ಆಯ್ಕೆ ಮುಗಿಯುವುದಿಲ್ಲ. ಪಂದ್ಯದ ಗಾಡಿಗೂ ನಿತ್ಯದ ಗಾಡಿಗೂ ಗುಣದಲ್ಲಿ ವಿರೋಧವುಂಟು. ಪಂದ್ಯದ್ದು ಹಗುರವಾಗಿ, ಗಿಡ್ಡವಾಗಿ, ಹೇಳಿದ ಕಡೆಗೆ ಥಟ್ಟನೆ ತಿರುಗಬೇಕು. ಮಡ್‌ಗಾರ್ಡು, ಕ್ಯಾರಿಯರುಗಳಿಗೆ ಅಲ್ಲಿ ಜಾಗವಿಲ್ಲ. ನಿತ್ಯದ್ದಕ್ಕೆ ಪುಸ್ತಕದ ಚೀಲವೂ ಬೇಕು, ಬೆನ್ನಿಗೆ ಕೆಸರು ಚಿಮ್ಮದಂತೆ ತಡೆಯೂ ಬೇಕು. ಗ್ರಾವೆಲ್ ಎಂಬ ಇನ್ನೊಂದು ಜಾತಿಯುಂಟು; ಅದು ಉದ್ದವಾಗಿ, ಅಗಲವಾದ ಟಯರುಗಳಿಂದ ದೂರದ ಸವಾರಿಗೆ ಸುಖಕರ. ಕಾಲೇಜಿಗೆ ಮಾತ್ರವಾಗಿದ್ದರೆ ನಾನು ಅದನ್ನೇ ಕೊಳ್ಳುತ್ತಿದ್ದೆನು. ಪಂದ್ಯದ ಆಸೆಯೂ ಇದ್ದುದರಿಂದ ಮಧ್ಯಮ ಮಾರ್ಗವನ್ನು ಹಿಡಿಯಬೇಕಾಯಿತು: ಸೈಕ್ಲೋಕ್ರಾಸಿನ ಚೌಕಟ್ಟೇ ಆಗಲಿ, ಆದರೆ ಮಡ್‌ಗಾರ್ಡನ್ನೂ ಕ್ಯಾರಿಯರನ್ನೂ ಬಿಗಿಯಲು ತೂತುಗಳಿರುವಂಥದು. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಟಯರು 33 ಮಿಲಿಮೀಟರಿಗಿಂತ ಅಗಲವಾಗಕೂಡದೆಂದು ನಿಯಮವಿದೆ. ನಮ್ಮ ಮುರಕಲ್ಲಿಗೆ 40ರಷ್ಟಾದರೂ ಇದ್ದರೆ ಒಳ್ಳೆಯದು. ಎರಡಕ್ಕೂ ಎಡೆಯಿರುವ ಚೌಕಟ್ಟಾದರೆ ಟಯರನ್ನು ಬದಲಾಯಿಸಿಕೊಳ್ಳಬಹುದು. ಆ ಎಡೆ ಕೆಸರಿಗೂ ಬೇಕು. ತೀರ್ಥರೂಪರ ಗಾಡಿಯಲ್ಲಿ ಟಯರಿಗೂ ಮಡ್‌ಗಾರ್ಡಿಗೂ ನಡುವೆ ಜೇಡಿಮಣ್ಣು ಸಿಕ್ಕಿ ಚಕ್ರವೇ ನಿಲ್ಲುತ್ತಿದ್ದುದನ್ನು, ಅವರು ಕೋಲಿನಿಂದ ಕೆರೆಯುತ್ತಿದ್ದುದನ್ನು ನಾನು ಮರೆತಿಲ್ಲ.

ಬ್ರೇಕಿನ ವಿಷಯದಲ್ಲಿ ಮಾತ್ರ ನಾನು ಯಾರ ಮಾತಿಗೂ ಕಾಯಲಿಲ್ಲ. ಮುರಕಲ್ಲಿನ ನುಣ್ಣನೆಯ ಮರಳು ರಿಮ್ಮಿನ ಮೇಲೆ ಅರದಂತೆ ಕೆಲಸಮಾಡುತ್ತದೆ. ಚಕ್ರದ ನಡುವೆ ತಟ್ಟೆಯಿರುವ ಡಿಸ್ಕ್ ಬ್ರೇಕು ಕೆಸರಿನಿಂದ ದೂರವಿರುವುದರಿಂದ ಮಳೆಯಲ್ಲಿಯೂ ಹಿಡಿಯುತ್ತದೆ. 2010ರಿಂದ ಸೈಕ್ಲೋಕ್ರಾಸ್ ಪಂದ್ಯಗಳಲ್ಲಿಯೂ ಅದಕ್ಕೆ ಅನುಮತಿಯುಂಟು. ಎಣ್ಣೆಯ ಒತ್ತಡದಿಂದ ನಡೆಯುವುದು ಉತ್ತಮವೆಂದು ಅಳಿಯನು ಹೇಳಿದರೂ ನಾನು ತಂತಿಯದನ್ನೇ ಆರಿಸಿದೆನು. ತಂತಿ ಕಡಿದರೆ ಊರಿನ ರಿಪೇರಿಯವನು ಹಾಕಿಕೊಡುವನು.

ಇನ್ನು ಹಣ. ಸಂಪಾಜೆ, ಅರಂತೋಡು, ಮರ್ಕಂಜದ ಕಡೆಯ ತೋಟಗಳನ್ನು ಹಾಳುಗೆಡಹಿದ ಮದ್ದಿಲ್ಲದ ಹಳದಿ ಎಲೆ ರೋಗವು ನಮ್ಮ ತೋಟದ ಒಂದು ಮಗ್ಗುಲಿಗೂ ಕಾಲಿಟ್ಟಿದೆ. ಗಾಡಿಯ ಬೆಲೆಯೋ ಎರಡು ಮೂರು ಕ್ವಿಂಟಾಲು ಅಡಿಕೆಗೆ ಸಮ. ಇಂಥ ವೇಳೆಯಲ್ಲಿ ಪಂದ್ಯಕ್ಕೆಂದು ವ್ಯಯಮಾಡುವುದು ವಿವೇಕವೇ ಎಂದು ರಾತ್ರಿಗಳಲ್ಲಿ ಲೆಕ್ಕ ಹಾಕಿದೆನು. ಮನೆಯಾಕೆ ಹುಡುಗಿಗೇಕೆ ಪಂದ್ಯವೆಂದು ಕೇಳುವಳೆಂದು ಭಾವಿಸಿ ಉತ್ತರವನ್ನೂ ಸಿದ್ಧಪಡಿಸಿಟ್ಟುಕೊಂಡಿದ್ದೆನು: ಈ ಆಟದ ವಿಶ್ವಸ್ಪರ್ಧೆ ಗಂಡಸರಿಗೆ 1950ರಲ್ಲಿ ಪ್ಯಾರಿಸಿನಲ್ಲಿ ಮೊದಲಾಯಿತು, ಹೆಂಗಸರಿಗೆ 2000ದಲ್ಲಿ, ಐವತ್ತು ವರ್ಷ ಬಾಗಿಲಲ್ಲಿ ಕಾಯಿಸಿದ್ದು ಸಾಲದೇ, ಎಂದು. ಆಕೆ ಅದನ್ನು ಕೇಳಲೇ ಇಲ್ಲ. “ಪಂದ್ಯದ ಮಾತು ಹಾಗಿರಲಿ. ಬ್ರೇಕು ಹಿಡಿಯುತ್ತದೆಯೋ ಇಲ್ಲವೋ, ಅಷ್ಟು ಹೇಳಿ” ಎಂದಳು. ಹಿಡಿಯುತ್ತದೆ ಎಂದೆನು. “ಹಾಗಾದರೆ ತನ್ನಿ” ಎಂದಳು.

ಮಂಗಳೂರಿನ ಅಂಗಡಿಯಲ್ಲಿ ಮಗಳ ಎತ್ತರಕ್ಕೆ ಸರಿಯಾದ ಅಳತೆಯದನ್ನು ತೆಗೆಸಿ, ಕೊಳ್ಳುವ ಮುನ್ನ ಅವಳಿಂದ ಅದನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿಸಿದೆನು. ಅಂಗಡಿಯವನು ಬೆರಗಾಗಿ ನೋಡಿದನು. ಮುಂದೆ 40 ಹಲ್ಲುಗಳ ಒಂದೇ ಚಕ್ರ, ಹಿಂದೆ ಅತಿ ದೊಡ್ಡದು 42 ಹಲ್ಲುಗಳದು. ನಮ್ಮ ಗುಡ್ಡೆಯನ್ನು ಕುಳಿತೇ ಹತ್ತಬಹುದು.

ಸೈಕ್ಲೋಕ್ರಾಸಿನ ಪಂದ್ಯ ನಡೆಸುವ ವಾಡಿಕೆ ನಮ್ಮ ಸೀಮೆಯಲ್ಲಿಲ್ಲ. ಕಳೆದ ಮಾಗಿಯಲ್ಲಿ ಬೆಂಗಳೂರಿನ ಹೊರವಲಯದ ಮಣ್ಣುದಾರಿಯ ಪಂದ್ಯವೊಂದರಲ್ಲಿ ಅವಳು ಓಡಿದಳು. ಕೊನೆಯಿಂದ ಮೂರನೆಯವಳಾಗಿ ಮುಗಿಸಿದಳು. ಹಿಂದಿರುಗುವ ದಾರಿಯುದ್ದಕ್ಕೂ ಎಲ್ಲಿ ತಪ್ಪಿದೆನೆಂಬುದನ್ನೇ ವಿವರಿಸುತ್ತಿದ್ದಳು. ಪಂದ್ಯಕ್ಕೆ ಒಂದು ದಿನವಾದರೆ ಕಾಲೇಜಿಗೆ ವರ್ಷದಲ್ಲಿ ಇನ್ನೂರು ದಿನ.

ಈಗ ಮಳೆಗಾಲದ ಸಂಜೆಗಳಲ್ಲಿ ಆಕೆ ಬರುವ ಹೊತ್ತಿಗೆ ನಾನು ಜಗಲಿಯಲ್ಲಿ ಕುಳಿತಿರುತ್ತೇನೆ. ಗುಡ್ಡೆಯ ಇಳಿಜಾರಿನಲ್ಲಿ ಬ್ರೇಕಿನ ಸಣ್ಣ ಕೀರಲು ಸ್ವರ ಕೇಳಿಸುತ್ತದೆ. ಆ ಮೇಲೆ ತಡಮೆಯ ಬಳಿ ಒಂದು ಕ್ಷಣ ನಿಶ್ಶಬ್ದ. ಒಳಗೆ ಮನೆಯಾಕೆಯೂ ಪಾತ್ರೆಯ ಸದ್ದನ್ನು ನಿಲ್ಲಿಸಿ ಆಲಿಸುವಳೆಂದು ಬಲ್ಲೆನು. ಚಕ್ರ ಮತ್ತೆ ಉರುಳುವುದು ಕೇಳಿದ ಬಳಿಕ ಆಕೆ ಕಾಫಿಗೆ ನೀರಿಡುವಳು.